ಹದಿನೈದು ದಿನಕ್ಕೊಂದು ತಟ್ಟೆ

ಅಮೃತೂರಿನ ತೋಟದಲ್ಲಿ ಕಾಯಿ ಸುಲಿಯುವಾಗ ಅಪ್ಪನ ಅಂಗೈಗೆ ಹಾರೆ ಚುಚ್ಚಿತು. ಆ ಗಾಯ ಯಾವ ಔಷಧಿಗೂ ಮಾಯಲಿಲ್ಲ. ಬಟವಾಡಿಯ ಕ್ಲಿನಿಕ್ಕಿನಲ್ಲಿ ಅದರ ಕೀವನ್ನು ಹತ್ತಿಯಲ್ಲಿ ಒರೆಸಿ ತೆಗೆದುಕೊಂಡು ನಾನು ಕೆಲಸ ಮಾಡುವ ಲ್ಯಾಬಿಗೆ ತಂದೆ. ಮೂರು ವಾರಕ್ಕೆ ಅಪ್ಪ ಹೋದರು. ಆ ಕೀವಿನ ಬ್ಯಾಕ್ಟೀರಿಯಾ ಮಾತ್ರ ಲ್ಯಾಬಿನಲ್ಲಿ ಉಳಿಯಿತು.

ಅದನ್ನು ಬದುಕಿಸಿಡಲೇಬೇಕು, ಇಲ್ಲದಿದ್ದರೆ ನಮ್ಮ ಲ್ಯಾಬಿನಲ್ಲಿ ತಯಾರಾಗುತ್ತಿದ್ದ ಹೊಸ ಮದ್ದನ್ನು ಯಾವುದರ ಮೇಲೆ ಪರೀಕ್ಷಿಸುವುದು? ಅಮ್ಮ ಅಪ್ಪನಿಗೆ ವರ್ಷಕ್ಕೊಮ್ಮೆ ಎಡೆ ಇಡುತ್ತಾಳೆ. ಅಪ್ಪನನ್ನು ಕೊಂದ ಆ ಬ್ಯಾಕ್ಟೀರಿಯಾಕ್ಕೆ ನಾನು ಹದಿನೈದು ದಿನಕ್ಕೊಮ್ಮೆ ಲ್ಯಾಬಿನ ಹೊಸ ಗಾಜಿನ ತಟ್ಟೆಯಲ್ಲಿ ಊಟ ಇಡುತ್ತಿದ್ದೆ. ಹೀಗೆ ಎರಡು ವರ್ಷ ಸಾಕಿದೆ.

ನಮ್ಮ ಮದ್ದು ಒಂದು ಜೆಲ್. ತಾವಾಗಿಯೇ ಹೆಣೆದುಕೊಳ್ಳುವ ಪೆಪ್ಟೈಡ್ ಎಂಬ ಪ್ರೋಟೀನ್ ತುಣುಕುಗಳ ಎಳೆಗಳಲ್ಲಿ ಸತುವಿನ ಆಕ್ಸೈಡಿನ ಅತಿಸಣ್ಣ ನ್ಯಾನೋ ಕಣಗಳು. ೨೦೦೮ರ ಒಂದು ಸೋಮವಾರ ಬೆಳಿಗ್ಗೆ ನೋಡಿದರೆ, ಜೆಲ್ ಹಾಕಿದ್ದ ತಟ್ಟೆ ಪೂರ್ತಿ ತಿಳಿಯಾಗಿತ್ತು. ಒಂದು ಚುಕ್ಕೆಯೂ ಬೆಳೆದಿರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ.

"ಸತ್ತೋಯ್ತು ಕಣಮ್ಮ."

ಅಮ್ಮ ಬಿಕ್ಕಿದಳು. "ಒಂದ್ನೂ ಉಳಿಸ್ಬೇಡ ಕಣೇ ಬಿಂದು."

"ಹೂಂ" ಎಂದೆ.

ಆ ಮದ್ದಿಗೆ ಇನ್ನೂ ನೂರು ಪರೀಕ್ಷೆ ಬಾಕಿಯಿತ್ತು. ಅವತ್ತಿಗೆ ಸರಿಯಾಗಿ ಹದಿನೈದು ದಿನವೂ ಆಗಿತ್ತು. ಫೋನಿಟ್ಟು ಕಣ್ಣೊರೆಸಿಕೊಂಡೆ. ಫ್ರಿಜ್ಜಿನಲ್ಲಿ ಇನ್ನೂ ಜೀವಂತವಾಗಿ ಉಳಿದಿದ್ದ ಬ್ಯಾಕ್ಟೀರಿಯಾವನ್ನು ತೆಗೆದು, ಹೊಸ ತಟ್ಟೆಯಲ್ಲಿ ಅದಕ್ಕೆ ಊಟ ಇಟ್ಟೆ.