ಡಾಂಬರಿಗೆ ಒಗ್ಗದ ಪಿನ್ನುಗಳು

ಕಾರಟಗಿಯ ಸುತ್ತ ಭತ್ತ ಕೊಯ್ಯುವ ಯಂತ್ರದ ಚೈನು ಹರಿದರೆ ಜನ ಮೊದಲು ಹುಡುಕುವುದು ಜಿಲಾನಸಾಬನನ್ನು. ಈ ಸಲ ಅವನ ಕೈಗೆ ಬಂದದ್ದು ಸೇನೆಯ ಹಳೆಯ ಚೈನ್ ಗಾಡಿ, ಟ್ಯಾಂಕಿನ ಹಾಗೆ ಉಕ್ಕಿನ ಚೈನುಗಳ ಮೇಲೆ ಓಡುವಂಥದ್ದು. ಮಾಜಿ ಸೈನಿಕರ ಸಂಘದವರು ಅದನ್ನು ಹರಾಜಿನಲ್ಲಿ ಹಿಡಿದು ತಂದು, ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಓಡಿಸಿಯೇ ತೀರುತ್ತೇವೆಂದು ಹಟ ಹಿಡಿದಿದ್ದರು.

ಓಡಿಸುವವನು ಹನಮಪ್ಪ. ಸೇನೆಯಲ್ಲಿ ಇಂಥವೇ ಗಾಡಿ ನಡೆಸಿ ನಿವೃತ್ತನಾದವನು, ಜಿಲಾನಸಾಬನ ಜೀವದ ಗೆಳೆಯ. ಸಕ್ಕರೆ ಕಾಯಿಲೆ ಅವನ ಕಣ್ಣು ತಿನ್ನುತ್ತಿತ್ತು. ಬೇಸಿಗೆ ಕಳೆಯುವಷ್ಟರಲ್ಲಿ ದೃಷ್ಟಿ ಪೂರ್ತಿ ಹೋಗುತ್ತದೆಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದರು.

“ಒಂದ ಸಲ ಓಡಿಸಿಬಿಡ್ತೀನಿ ಜಿಲಾನ. ಆಮ್ಯಾಲ ಕತ್ತಲಿ ಬಂದ್ರ ಬರ್ಲಿ.”

ಇಂಥ ಮಾತಿಗೆ ಯಾರು ತಾನೇ ಇಲ್ಲವೆಂದಾರು? ಚೈನಿನ ಕೊಂಡಿಗಳ ತೂತುಗಳು ಸವೆದು ತತ್ತಿಯ ಆಕಾರಕ್ಕೆ ಬಂದಿದ್ದವು, ಕೊಂಡಿಗೆ ಕೊಂಡಿ ಜೋಡಿಸುವ ಪಿನ್ನುಗಳು ನಡು ಸಣ್ಣಗಾಗಿ ಕೂತಿದ್ದವು. ಹೊಸವು ಯಾವ ಪೇಟೆಯಲ್ಲೂ ಸಿಗಲಿಲ್ಲ. ಜಿಲಾನಸಾಬ ತೂತುಗಳನ್ನು ವೆಲ್ಡಿಂಗಿನಿಂದ ತುಂಬಿ ಮತ್ತೆ ಕೊರೆದ. ಟ್ರ್ಯಾಕ್ಟರಿನ ಹಳೆಯ ಗಾಲಿಯಚ್ಚುಗಳಿಂದ ಪಿನ್ನು ಕಡೆದು, ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ. ಗದ್ದೆಯ ಮರಳುಗೆಸರು ಮೆತ್ತನೆಯ ಕಬ್ಬಿಣವನ್ನು ಒಂದೇ ಹಂಗಾಮಿನಲ್ಲಿ ತಿಂದುಹಾಕುತ್ತದೆ; ಅದಕ್ಕೇ ಇಲ್ಲಿನವರು ಪಿನ್ನನ್ನು ಗಟ್ಟಿ ಮಾಡುವುದು. ಅವನ ಗ್ಯಾರೇಜಿನ ಹಿಂದಿನ ಮಣ್ಣಿನ ಬಯಲಲ್ಲಿ ಗಾಡಿ ಸರಾಗವಾಗಿ ಓಡಿತು. ಹನಮಪ್ಪ ನಗುತ್ತ ನಗುತ್ತ ಅತ್ತುಬಿಟ್ಟ.

ಗಣರಾಜ್ಯೋತ್ಸವದ ದಿನ ಬೆಳಿಗ್ಗೆ ರಸ್ತೆಯ ಎರಡೂ ಬದಿ ಶಾಲೆಯ ಮಕ್ಕಳು ಬಾವುಟ ಹಿಡಿದು ನಿಂತಿದ್ದರು. ಗಾಡಿಯಲ್ಲಿ ಹನಮಪ್ಪನ ಕಿವಿಗೆ ಬಾಗಿ ಅವನ ಹೆಂಡತಿ ದುರಗಮ್ಮ ಕೂತಿದ್ದಳು. ಗಾಡಿ ಮೈದಾನದ ಮಣ್ಣು ದಾಟಿ ಡಾಂಬರಿಗೆ ಹತ್ತಿದ್ದೇ ತಡ, ಚೈನಿನ ದನಿ ಬದಲಾಯಿತು. ಪಕ್ಕದಲ್ಲೇ ನಡೆಯುತ್ತಿದ್ದ ಜಿಲಾನಸಾಬ “ನಿಲ್ಲಸು!” ಎಂದು ಕೂಗಿದ. ಗಾಡಿ ನಿಂತೊಡನೆ ಬಗ್ಗಿ ಒಂದು ಪಿನ್ನಿಗೆ ಸುತ್ತಿಗೆಯಿಂದ ಬಡಿದ. ಸೀಮೆಸುಣ್ಣದ ಹಾಗೆ ಎರಡಾಯಿತು. ಅದರ ಪಕ್ಕದ್ದರಲ್ಲೂ ಸೀಳು.

ಆಗ ಹೊಳೆಯಿತು ಅವನಿಗೆ. ಕೆಸರು ಏಟು ನುಂಗಿಕೊಳ್ಳುತ್ತದೆ, ಡಾಂಬರು ನುಂಗುವುದಿಲ್ಲ; ಗಟ್ಟಿ ಪಿನ್ನು ಅಲ್ಲಿ ಗಾಜಿನಂತೆ ಸಿಡಿಯುತ್ತದೆ. ಇಲ್ಲಿಗೆ ಬೇಕಾಗಿದ್ದುದು ತುಸು ಬಾಗುವ ಪಿನ್ನು. ಇಷ್ಟು ವರ್ಷ ಗದ್ದೆಯನ್ನೇ ನೋಡಿದ ತಲೆಗೆ ರಸ್ತೆಯ ನೆನಪೇ ಬಂದಿರಲಿಲ್ಲ. ತಿರುವಿನಲ್ಲಿ ಚೈನು ಹರಿದಿದ್ದರೆ ಗಾಡಿ ಗಕ್ಕನೆ ತಿರುಗಿ ಮಕ್ಕಳ ಮೇಲೇ ಹೋಗುತ್ತಿತ್ತು.

“ಇಳಿ ಹನಮಾ. ಪಿನ್ನು ಮುರದಾವು. ತಪ್ಪು ನಂದ ಐತಿ.”

“ಬ್ಯಾರೇವು ಹಾಕು. ಸಾವಕಾಶ ಹೊಡಿತೀನಿ.”

“ಇರೋವೆಲ್ಲಾ ಹಿಂಗ ಅದಾವು. ನಾಳಿ ಗದ್ದ್ಯಾಗ ಓಡಸು, ಅಲ್ಲಿ ತಾಳ್ತಾವು.”

“ಕೆಸರಿನ್ಯಾಗ ಎಮ್ಮಿ ಅಡ್ಡಾಡತಾವಲೇ! ನಾ ಸಿಪಾಯಿ ಅದೀನಿ. ನಿನ್ನ ನಂಬಿ ಕುಂತಿದ್ನಲ್ಲೊ.”

ಜಿಲಾನಸಾಬ ಚೈನಿಗೆ ಬೆನ್ನು ಕೊಟ್ಟು ರಸ್ತೆಯ ಮೇಲೆ ಕೂತುಬಿಟ್ಟ. ಅವನನ್ನು ಎಬ್ಬಿಸಲು ಬಂದ ಸಂಘದವರು ಮುರಿದ ಪಿನ್ನು ನೋಡಿ ಹಿಂದೆ ಸರಿದರು. ಹನಮಪ್ಪ ಎಂಜಿನ್ ಆರಿಸಿ, ದುರಗಮ್ಮನ ಹೆಗಲು ಹಿಡಿದು ಇಳಿದು ಮನೆಗೆ ನಡೆದ. ಮೆರವಣಿಗೆ ನಿಂತ ಗಾಡಿಯ ಪಕ್ಕದಿಂದ ಸುತ್ತಿಕೊಂಡು ಮುಂದೆ ಹೋಯಿತು.

ಮಧ್ಯಾಹ್ನ ಜಿಲಾನಸಾಬ ಊಟದ ತಟ್ಟೆ ಸರಿಸಿ ಎದ್ದ. ಕಾಲು ಹಿಡಿದಾದರೂ ಕ್ಷಮೆ ಕೇಳಬೇಕೆಂದು ಗೆಳೆಯನ ಮನೆಗೆ ಹೋದ. ಅಂಗಳದಲ್ಲೇ ದುರಗಮ್ಮ ಅಡ್ಡ ಬಂದು ಪಿಸುಗುಟ್ಟಿದಳು.

“ಪಿನ್ನು ಖರೇನ ಮುರದಿದ್ವೇನ್ರಿ, ಇಲ್ಲಾ ನಿಮಗೂ ಗೊತ್ತಾಗಿ ನಿಲ್ಲಿಸಿದ್ರಿ?”

“ಏನ ಗೊತ್ತಾಗಿ?”

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. “ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ರಿ. ಭಾಳ ಆಸಿ ಇಟಗೊಂಡಿದ್ರು. ನೀವ ಒಬ್ರು ಕೆಟ್ಟವರಾಗಿ ಎಲ್ಲಾರನ್ನೂ ಉಳಿಸಿದ್ರಿ.”

ಏನೊಂದೂ ತಿಳಿಯದೆ ಅವನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಹನಮಪ್ಪ ಸಮವಸ್ತ್ರವನ್ನೂ ಬಿಚ್ಚದೆ ಮಂಚದ ಮೇಲೆ ಕೂತಿದ್ದ. ಬಾಗಿಲಿನ ತುಂಬ ಬಿಸಿಲು. ಕೈಚಾಚಿದರೆ ಸಿಗುವಷ್ಟು ಹತ್ತಿರ ಹೋಗಿ ನಿಂತ ಜಿಲಾನಸಾಬನ ಮುಖವನ್ನೇ ಹನಮಪ್ಪ ನೆಟ್ಟಗೆ ನೋಡಿದ, ಗುರುತು ಹಿಡಿಯಲಿಲ್ಲ. ಆ ಕಣ್ಣುಗಳು ಬೇಸಿಗೆಯನ್ನು ಕಾದಿರಲಿಲ್ಲ. ಬಾವುಟ ಹಿಡಿದ ಮಕ್ಕಳ ಸಾಲು ಜಿಲಾನಸಾಬನ ಕಣ್ಣ ಮುಂದೆ ಬಂತು. ಅವನು ಬಾಗಿಲತ್ತ ಒಂದು ಹೆಜ್ಜೆ ಹಿಂದೆ ಸರಿದ.

“ಯಾರ ಬಂದಾರ ದುರಗೀ?” ಹನಮಪ್ಪ ಕೇಳಿದ. “ಜಿಲಾನ ಬಂದ್ರ ಒಳಗ ಬಿಡಬ್ಯಾಡ.”

“ಯಾರೂ ಇಲ್ರಿ,” ಎಂದಳು ದುರಗಮ್ಮ.