ಅಳಿಸಿದ ಸಾಲು

ಟರ್ಪೆಂಟೈನ್ ಬಟ್ಟೆಯಿಂದ ಮಗಳು ಅಪ್ಪನ ಉಗುರಿನ ಸಂದಿಯ ನೀಲಿ ಬಣ್ಣವನ್ನು ಉಜ್ಜುತ್ತಲೇ ಇದ್ದಳು. ಹೊರಗೆ ಶವದ ಗಾಡಿ ಬಂದು ನಿಂತಿತ್ತು.

“ಸಾಕು ಬಿಡೇ,” ಎಂದಳು ಸೋದರತ್ತೆ. “ನಲವತ್ತು ವರ್ಷ ಊರಿಗೆಲ್ಲ ಬೋರ್ಡು ಬರೆದ ಕೈ. ಹಾಗೇ ಹೋಗಲಿ.”

“ಅವನಿಗೂ ಅದೇ ಇಷ್ಟ,” ಎಂದ ಏಣಿಯಣ್ಣ. ಅಷ್ಟೂ ವರ್ಷ ಅಪ್ಪನ ಏಣಿ ಹಿಡಿದವನಿಗೆ ಆ ಹೆಸರೇ ಅಂಟಿಕೊಂಡಿತ್ತು. “ತಾನು ಬರೆದಿದ್ದನ್ನ ಅಳಿಸು ಅಂದ್ರೆ ಮುಖ ಗಂಟು ಹಾಕ್ಕೊಳ್ಳೋನು. ತೆಳ್ಳಗೆ ಒಂದು ಕೋಟು ಬಿಳಿ ಬಳಿದು ಇಳಿದುಬಿಡೋನು. ಒಂದು ಮಳೆಗಾಲ ಕಳೆದ್ರೆ ಅಕ್ಷರ ಮತ್ತೆ ಇಣುಕೋದು. ಹೋದ ವರ್ಷ ಆ ರಕ್ತದ ಡಾಕ್ಟ್ರು ಬೋರ್ಡಿಂದ ವಿಮೆ ಸಾಲು ತೆಗೀರಿ ಅಂದಾಗಲೂ ಅಷ್ಟೇ.”

ಮಗಳ ಕೈ ನಿಂತಿತು. “ಅದನ್ನ ಅಳಿಸಿದ್ದು ಅಪ್ಪನಾ?”

“ಮತ್ತಿನ್ಯಾರು?” ಎಂದ ಏಣಿಯಣ್ಣ.

*

ರಕ್ತದ ಕ್ಯಾನ್ಸರ್ ಎಂದು ತಿಳಿದ ಮೇಲೆ ವಿಮೆ ಪಟ್ಟಿಯಲ್ಲಿ ಅವಳು ಫೋನು ಮಾಡದ ಆಸ್ಪತ್ರೆ ಇರಲಿಲ್ಲ. ಪಟ್ಟಿಯಲ್ಲಿದ್ದ ಒಬ್ಬ ಡಾಕ್ಟರು ಸರ್ಕಾರಿ ವಿಮೆ ಬಿಟ್ಟಿದ್ದರು, ಇನ್ನೊಬ್ಬರು ಊರನ್ನೇ ಬಿಟ್ಟಿದ್ದರು. ಕಾರ್ಡು ನಡೆಯುವ ದೊಡ್ಡಾಸ್ಪತ್ರೆಗೆ ಬಸ್ಸಿನಲ್ಲಿ ಆರು ಗಂಟೆ. ಅಪ್ಪ ಆಗಿನ್ನೂ ಅಷ್ಟು ಹೊತ್ತು ಕೂರಬಲ್ಲವನಾಗಿದ್ದ. ಹೊರಡುವ ಹಿಂದಿನ ದಿನ ಅವಳಿಗೆ ಆ ರಕ್ತದ ಡಾಕ್ಟರ ಬೋರ್ಡು ಕಂಡಿತು.

“ಸಿಕ್ಕಿದ್ರು ಅಪ್ಪಾ. ಎರಡೇ ಬೀದಿ ಆಚೆ. ವಿಮೆ ಕಾರ್ಡ್ ನಡೆಯುತ್ತೆ ಅಂತ ಬೋರ್ಡಲ್ಲೇ ಇದೆ.”

“ಮತ್ತೆ ಬರೆಸಿದಾರಾ? ಯಾರ ಕೈ?”

“ನಿನ್ನದೇ. ಸ್ವಲ್ಪ ಮಾಸಿದೆ, ಅಷ್ಟೇ.”

ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದಳು. ಅಪ್ಪ ಆ ನಗು ನೋಡಿದ, ಗೋಡೆಯತ್ತ ಮಗ್ಗುಲಾದ.

ದೊಡ್ಡಾಸ್ಪತ್ರೆಯ ಪ್ರಯಾಣ ನಿಂತಿತು. ಈ ಡಾಕ್ಟರ ಭೇಟಿಗೆ ಹನ್ನೊಂದು ದಿನ ಕಾಯಬೇಕಾಯಿತು. ಕೊನೆಗೆ ಹೋದಾಗ ಕೌಂಟರಿನವಳು ಕಾರ್ಡನ್ನು ಮುಟ್ಟಲೂ ಇಲ್ಲ. “ನಿಲ್ಲಿಸಿ ವರ್ಷವಾಯ್ತಲ್ಲಮ್ಮ.” ಅಷ್ಟರಲ್ಲಿ ಅಪ್ಪನಿಗೆ ಬಸ್ಸು ಹತ್ತುವುದು ಆಗದ ಮಾತಾಗಿತ್ತು. “ತಪ್ಪು ನಂದು ಕಣೇ,” ಎಂದಿದ್ದ. ಕಾಯಿಲೆ ಬಿದ್ದಿದ್ದಕ್ಕೆ ಹಾಗನ್ನುತ್ತಾನೆಂದುಕೊಂಡು ಅವಳು ಗದರಿದ್ದಳು.

*

ಮಣ್ಣು ಮುಗಿಸಿ ಬಂದವಳು ನೇರ ಅಪ್ಪನ ಡಬ್ಬಿಗಳ ಹತ್ತಿರ ಹೋದಳು. ಬಿಳಿ ಬಣ್ಣದ ಡಬ್ಬಿ, ಕುಂಚ ಎತ್ತಿಕೊಂಡಳು. ಬೈಯೋಣವೆಂದರೆ ಬೈಸಿಕೊಳ್ಳುವವನು ಇರಲಿಲ್ಲ.

“ಏಣಿ ತಗೊಳ್ಳಿ,” ಎಂದಳು ಏಣಿಯಣ್ಣನಿಗೆ.

ಆ ಡಾಕ್ಟರ ಆಸ್ಪತ್ರೆಯ ಮುಂದೆ ಹೆಂಗಸೊಬ್ಬಳು ಫೈಲನ್ನು ಎದೆಗವಚಿಕೊಂಡು ತಲೆಯೆತ್ತಿ ಬೋರ್ಡು ಓದುತ್ತಿದ್ದಳು. ಪಕ್ಕದಲ್ಲಿ ಅವಳ ಗಂಡ ಗೋಡೆಗೆ ಒರಗಿದ್ದ.

“ಇಲ್ಲಿ ಕಾರ್ಡ್ ನಡೆಯಲ್ಲಮ್ಮ. ದೊಡ್ಡಾಸ್ಪತ್ರೆಗೆ ಹೋಗಿ. ಇವತ್ತೇ ಹೊರಡಿ,” ಎಂದಳು ಮಗಳು.

“ಬರೆದಿದೆಯಲ್ಲ?” ಎಂದಳು ಆಕೆ.

ಮಗಳು ಏಣಿ ಹತ್ತಿದಳು. ಒಮ್ಮೆ ಬಳಿದಳು, ನೀಲಿ ಇಣುಕಿತು. ಮತ್ತೆ ಬಳಿದಳು. ಅಪ್ಪನ ದುಂಡನೆಯ ಅಕ್ಷರಗಳು ಒಂದೊಂದಾಗಿ ಮುಚ್ಚಿಹೋದವು. ಬಿಳಿ ಬಣ್ಣ ಕುಂಚದಿಂದ ಇಳಿದು ಅವಳ ಉಗುರಿನ ಸಂದಿಗೆ ಸೇರಿತು.