ಗುರುವಾರದ ಗಾಡಿ

ನೆರಿಯ ಊರಿಗೆ ಇನ್ನು ವಾರಕ್ಕೊಂದೇ ಸಲ, ಗುರುವಾರ, ಬ್ಯಾಟರಿ ಆಟೋದಲ್ಲಿ ಎಲ್ಲ ಪಾರ್ಸೆಲ್ ಒಟ್ಟಿಗೆ ಎಂಬ ಯೋಜನೆ, ಅವನ್ನು ಮನೆಮನೆಗೆ ಮುಟ್ಟಿಸುವ ಕಾಂತಿಯದೇ. ಒಂದೊಂದು ಪೊಟ್ಟಣಕ್ಕೂ ದಿನಾ ಬೈಕು ಓಡಿಸಿ ಅಷ್ಟು ಹೊಗೆ ಯಾಕೆ ಎಂದು ಗುರುವಾಯನಕೆರೆಯ ಕೊರಿಯರ್ ಆಫೀಸಿನಲ್ಲಿ ವಾದಿಸಿ ಗೆದ್ದವಳು ಅವಳು.

ಕಳೆದ ಶುಕ್ರವಾರ ಆಫೀಸಿಗೆ ಬಂದ ನೆರಿಯದ ವಸುಧಾಳ ಪಾರ್ಸೆಲ್ಲೂ ಹಾಗೆಯೇ ಕಾಯಿತು. ಅದರಲ್ಲಿದ್ದದ್ದು ಅವಳ ಅಪ್ಪನ ಕಿವಿಗೆ ಹಾಕುವ ಯಂತ್ರ.

"ಅವಸರ ಉಂಟಾ ವಸುಧಕ್ಕ?" ಎಂದು ಕಾಂತಿ ಫೋನಿನಲ್ಲಿ ಕೇಳಿದ್ದಳು.

"ಇಲ್ಲ ಮಾರಾಯ್ತಿ, ಒಟ್ಟಿಗೇ ತಾ. ನಾನು ಕಾವ್ಯ ಓದುವಾಗ ಅಪ್ಪ ಎರಡು ವರ್ಷದಿಂದ ಏನೂ ಕೇಳಿಸದೆಯೇ ತಲೆದೂಗ್ತಾ ಇದ್ದಾರೆ. ಇನ್ನೊಂದು ವಾರ ತೂಗಲಿ!" ಎಂದು ವಸುಧಾ ನಕ್ಕಿದ್ದಳು.

ಇಂದು ಆಟೋ ಸದ್ದಿಲ್ಲದೆ ಅಂಗಳಕ್ಕೆ ಬಂತು. ಒಳಗೆ ವಸುಧಾ ರಾಗವಾಗಿ ಪದ್ಯ ಹೇಳುತ್ತಿದ್ದಳು. ಸರಿಯಾದ ಹೊತ್ತಿಗೇ ಬಂದೆ ಎಂದು ಕಾಂತಿ ಹಿಗ್ಗಿ ಮೆಟ್ಟಿಲೇರಿದಳು. ಅಪ್ಪನ ಕುರ್ಚಿ ಖಾಲಿ ಇತ್ತು. ವಸುಧಾಳ ಕೈಯಲ್ಲಿ ಪುಸ್ತಕವಿರಲಿಲ್ಲ.

"ಅಪ್ಪ ಆದಿತ್ಯವಾರ ಹೋದ್ರು ಕಾಂತಿ. ಸೂತಕ ಅಲ್ವಾ, ಪುಸ್ತಕ ಮುಟ್ಟುವ ಹಾಗಿಲ್ಲ. ಕಾವ್ಯದಲ್ಲಿ ಶುರು ಮಾಡಿದ ಸಂಧಿಯನ್ನು ಅರ್ಧಕ್ಕೆ ಬಿಡಬಾರದು ಅಂತ ಅವರೇ ಹೇಳ್ತಿದ್ದರು. ಬಾಯಿಪಾಠ ಇದ್ದಷ್ಟು ಹೇಳಿ ಮುಗಿಸ್ತೇನೆ."

"ಶನಿವಾರವೇ ತರಬಹುದಿತ್ತು ಅಕ್ಕ. ಬೈಕಿನಲ್ಲಿ ಒಂದು ಗಂಟೆಯ ದಾರಿ."

"ನೀನು ಕೇಳಿದ್ದೆಯಲ್ಲ. ಅವಸರ ಇಲ್ಲ ಅಂದವಳು ನಾನು."

ಆಟೋದಲ್ಲಿ ಇನ್ನೂ ಒಂಬತ್ತು ಮನೆಗಳ ಪಾರ್ಸೆಲ್ ಇದ್ದವು. ಕಾಂತಿ ಆ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಸಂಧಿ ಮುಗಿಯುವ ತನಕ ಜಗಲಿಯಲ್ಲಿ ಕುಳಿತು ಕೇಳಿದಳು.